ಕಾಲಮ್ಮಿಗೆ ಸಿಗದ ಮನುಷ್ಯ

1942ರಲ್ಲಿ ಲಂಡನ್ನಿನ ಸ್ಪೆಷಲ್ ಬ್ರಾಂಚಿನ ಸಾರ್ಜೆಂಟೊಬ್ಬ ಒಬ್ಬ ಬರಹಗಾರನ ಮೇಲೆ ಗುಪ್ತ ವರದಿ ಬರೆದ. ಈತನದು ಮುಂದುವರಿದ ಕಮ್ಯುನಿಸ್ಟ್ ವಿಚಾರ, ಕಮ್ಯುನಿಸ್ಟರ ಸಭೆಗಳಲ್ಲಿ ಈತನನ್ನು ಕಂಡಿದ್ದಾಗಿ ಈತನ ಭಾರತೀಯ ಸ್ನೇಹಿತರಲ್ಲೇ ಹಲವರು ಹೇಳುತ್ತಾರೆ, ಆಫೀಸಿನಲ್ಲೂ ಬಿಡುವಿನಲ್ಲೂ ಬೊಹೀಮಿಯನ್ನರ ಹಾಗೆ ಬಟ್ಟೆ ತೊಡುತ್ತಾನೆ ಎಂಬುದು ಅದರ ಸಾರ. ವರದಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ಗೆ ಹೋಯಿತು. ಅಲ್ಲಿನ ಅಧಿಕಾರಿ ಈ ಬರಹಗಾರನ ಬರಹವನ್ನು ಬಲ್ಲವನು. ಇವನಿಗೂ ಕಮ್ಯುನಿಸ್ಟ್ ಪಕ್ಷಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಅವನಿಗೆ ಗೊತ್ತಿತ್ತು. ಯಾಕೆ ಹೀಗೆ ಬರೆದಿರಿ ಎಂದು ವಿಚಾರಿಸಿದ. ಈ ಮನುಷ್ಯನ ಸ್ವಂತ ನಿಲುವನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ಸಾರ್ಜೆಂಟನಿಗೆ ತೋಚಲಿಲ್ಲ, ಅದಕ್ಕೇ ಹಾಗೆ ಬರೆದ ಎಂಬ ಉತ್ತರ ಬಂತು. ಬರಹಗಾರನ ಹೆಸರು ಎರಿಕ್ ಆರ್ಥರ್ ಬ್ಲೇರ್. ಲೋಕಕ್ಕೆ ಗೊತ್ತಿರುವುದು ಜಾರ್ಜ್ ಆರ್ವೆಲ್ ಎಂದು. ಎಂಐ5ರ ಆ ಕಡತ ಸಾರ್ವಜನಿಕರ ಕೈಗೆ ಬಂದದ್ದು 2007ರಲ್ಲಿ. ಅಷ್ಟರಲ್ಲಿ ಅವನು ಸತ್ತು 57 ವರ್ಷವಾಗಿತ್ತು.

ಆ ಸಾರ್ಜೆಂಟನ ಕಷ್ಟ ನನಗೆ ಚೆನ್ನಾಗಿ ಗೊತ್ತು. ಕಾನ್‌ಸ್ಟೇಬಲ್ ಆಗಿ ಸೇರಿ ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾಗುವ ನಡುವೆ ಬಹಳ ಕಾಲ ಮಲೆನಾಡಿನ ಠಾಣೆಗಳಲ್ಲಿ ರೈಟರ್ ಆಗಿದ್ದವನು ನಾನು. ಹೊರಗಿನವರಿಗೆ ಠಾಣೆ ಎಂದರೆ ಲಾಠಿ, ಲಾಕಪ್ಪು. ಒಳಗಿದ್ದವರಿಗೆ ಗೊತ್ತು, ಠಾಣೆಯ ಬಲವಿರುವುದು ಕಬ್ಬಿಣದ ಬೀರುವಿನಲ್ಲಿ. ಸ್ಟೇಷನ್ ಡೈರಿ, ಬೀಟ್ ಪುಸ್ತಕ, ಹಿಸ್ಟರಿ ಶೀಟು, ರೌಡಿ ಶೀಟು. ಮೇಲಧಿಕಾರಿಯ ಆದೇಶ ಬಂದ ಮೇಲೆ ಶೀಟಿನ ಕಾಲಮ್ಮುಗಳನ್ನು ತುಂಬುವವನು ರೈಟರು: ಹೆಸರು, ಅಡ್ಡಹೆಸರು, ಮೈಕಟ್ಟು, ಗುರುತಿನ ಮಚ್ಚೆ, ನೆಂಟರು ಯಾವ ಊರಿನಲ್ಲಿದ್ದಾರೆ, ಒಡನಾಡಿಗಳು ಯಾರು, ಸಂಜೆ ಎಲ್ಲಿ ಕೂರುತ್ತಾನೆ. ಆಮೇಲೆ ಬೀಟಿನವರು ಹೋಗಿ ಬಂದಾಗಲೆಲ್ಲ ಒಂದೊಂದು ಸಾಲು ಸೇರುತ್ತದೆ. ‘ಮನೆಯಲ್ಲಿದ್ದಾನೆ.’ ‘ಮನೆಯಲ್ಲಿಲ್ಲ, ಹೆಂಡತಿ ಸರಿಯಾಗಿ ಉತ್ತರ ಕೊಡಲಿಲ್ಲ.’ ಹೆಂಡತಿ ಹಟ್ಟಿಯಲ್ಲಿ ಕೆಲಸದಲ್ಲಿದ್ದಳೋ, ಭಯಪಟ್ಟಿದ್ದಳೋ, ಅದಕ್ಕೆ ಕಾಲಮ್ಮಿಲ್ಲ. ಗಣೇಶನ ಹಬ್ಬ ಬಂದರೆ ಪೆರೇಡು, ಚುನಾವಣೆ ಬಂದರೆ ಮತ್ತೆ ಪೆರೇಡು. ಶೀಟು ತೆರೆಯಲು ಒಂದು ಸಹಿ ಸಾಕು. ಮುಚ್ಚಲು ಮಾತ್ರ ಯಾರೂ ಮುಂದೆ ಬರುವುದಿಲ್ಲ, ಮುಚ್ಚಿದ ಮರುದಿನ ಅವನೇನಾದರೂ ಮಾಡಿದರೆ ಸಹಿ ಹಾಕಿದವರ ಕುತ್ತಿಗೆಗೆ ಬರುತ್ತದೆ. ಶೀಟೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೀಟಿನವರು ಸಮಯಕ್ಕೆ ಸರಿಯಾಗಿ ಬಾಗಿಲು ತಟ್ಟಿದ್ದರಿಂದ ಉಳಿದ ಜೀವಗಳೂ ಇವೆ. ಆದರೆ ಹಾಳೆಯಲ್ಲಿ ತನ್ನ ಬಗ್ಗೆ ಏನಿದೆ ಎಂದು ಅದರಲ್ಲಿರುವವನಿಗೆ ಗೊತ್ತಾಗುವುದಿಲ್ಲ. ತಪ್ಪಿದ್ದರೆ ತಿದ್ದಿ ಎನ್ನಲು ಅವನಿಗೆ ಬಾಯಿಲ್ಲ.

ಕ್ಯಾಮೆರಾ ಕಂಡಲ್ಲೆಲ್ಲ ಆರ್ವೆಲ್ಲನ ‘1984’ ಕಾದಂಬರಿಯ ‘ಬಿಗ್ ಬ್ರದರ್’ ಎನ್ನುವುದು ಈಗ ರೂಢಿ. ಆರ್ವೆಲ್ ಎಂದರೆ ಮುಂದೆ ಬರಲಿದ್ದ ಯಂತ್ರಗಳನ್ನು ಮೊದಲೇ ಕಂಡ ಜ್ಯೋತಿಷಿ ಎಂಬಂತೆ ಮಾತಾಡುತ್ತೇವೆ. ನನಗೆ ಅವನ ಪುಟಗಳಲ್ಲಿ ಕಾಣುವುದು ಒಬ್ಬ ಪೊಲೀಸಿನವನ ಕಣ್ಣು. ಅವನು ಹೆದರಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಬೀಗ ಹಾಕಿದ ಕಡತಕ್ಕೆ.

ಅವನು ನಮ್ಮ ಇಲಾಖೆಯವನೇ. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ, ತಾಯಿ ಬರ್ಮಾದ ಮೌಲ್ಮೀನಿನಲ್ಲಿ ಬೆಳೆದವಳು. ಹುಡುಗ ಕೂಸಾಗಿದ್ದಾಗಲೇ ತಾಯಿಯ ಜೊತೆ ಇಂಗ್ಲೆಂಡಿಗೆ ಹೋದ, ಈಟನ್ ಶಾಲೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಓದಿದ. ವಿಶ್ವವಿದ್ಯಾಲಯಕ್ಕೆ ಹೋಗದೆ 1922ರಲ್ಲಿ ಇಂಡಿಯನ್ ಇಂಪೀರಿಯಲ್ ಪೊಲೀಸಿಗೆ ಸೇರಿದ. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ಮಂಡಾಲೆಯಲ್ಲಿ ತರಬೇತಿ, ಆಮೇಲೆ ಮ್ಯಾಂಗ್‌ಮ್ಯಾ, ಟ್ವಾಂಟೆ, ಸಿರಿಯಂ, ಇನ್‌ಸೀನ್, ಮೌಲ್ಮೀನ್, ಕಥಾ. ಇಪ್ಪತ್ತರ ಆಸುಪಾಸಿನ ಹುಡುಗ ಲಕ್ಷಗಟ್ಟಲೆ ಜನರ ಮೇಲೆ ಅಧಿಕಾರ ನಡೆಸುತ್ತಿದ್ದ. ಅವನು ಓದಿ ಪಾಸು ಮಾಡಬೇಕಿದ್ದ ದಂಡಸಂಹಿತೆ, ನಾವೆಲ್ಲ ತರಬೇತಿಯಲ್ಲಿ ಬಾಯಿಪಾಠ ಮಾಡಿದ ಅದೇ 1860ರ ಸಂಹಿತೆ.

1936ರಲ್ಲಿ ಅವನು ಪ್ರಕಟಿಸಿದ ಆನೆಯ ಪ್ರಬಂಧ ನಮ್ಮ ಕಾಲೇಜುಗಳ ಇಂಗ್ಲಿಷ್ ಪಠ್ಯದಲ್ಲಿ ಎಷ್ಟೋ ವರ್ಷ ಇತ್ತು, ಬಹಳ ಜನ ಓದಿರುತ್ತಾರೆ. ಮದವೇರಿದ ಆನೆಯೊಂದು ಮೌಲ್ಮೀನಿನಲ್ಲಿ ಒಬ್ಬ ಭಾರತೀಯ ಕೂಲಿಯನ್ನು ತುಳಿದು ಕೊಂದಿದೆ. ಅಧಿಕಾರಿ ಕೋವಿ ಹಿಡಿದು ಬರುವ ಹೊತ್ತಿಗೆ ಆನೆ ಶಾಂತವಾಗಿ ಹುಲ್ಲು ಮೇಯುತ್ತಿದೆ, ಕೊಲ್ಲುವ ಅಗತ್ಯವಿಲ್ಲ. ಹಿಂದೆ ಸಾವಿರಾರು ಜನ ನೋಡುತ್ತಿದ್ದಾರೆ. ಅವರ ಮುಂದೆ ಸಣ್ಣವನಾಗಬಾರದೆಂದು ಅವನು ಗುಂಡು ಹಾರಿಸುತ್ತಾನೆ. ಖಾಕಿ ತೊಟ್ಟು ಜಾತ್ರೆಯ ಬಂದೋಬಸ್ತಿಗೆ ನಿಂತವರಿಗೆ ಈ ಪ್ರಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಮ್ರಾಜ್ಯದ ಅನ್ಯಾಯವನ್ನು ಬರೆದವರು ಅನೇಕರಿದ್ದಾರೆ. ಅಧಿಕಾರ ತನ್ನನ್ನು ಹಿಡಿದವನ ಕೈಯಿಂದ ಅವನಿಗೇ ಬೇಡವಾದ ಕೆಲಸ ಮಾಡಿಸುತ್ತದೆ ಎಂಬುದನ್ನು, ಆ ಕೈ ತನ್ನದೇ ಎಂದು ಒಪ್ಪಿಕೊಂಡು ಬರೆದವರು ಕಡಿಮೆ. 1927ರಲ್ಲಿ ರಜೆಯ ಮೇಲೆ ಊರಿಗೆ ಹೋದವನು ರಾಜೀನಾಮೆ ಕೊಟ್ಟ.

ಅಲ್ಲಿಂದ ಅವನ ಜಾಗ ಬದಲಾಯಿತು. ಬರೆಯುತ್ತಿದ್ದವನು ಬರೆಸಿಕೊಳ್ಳುವವನಾದ. ಅಲೆಮಾರಿಗಳ ಜೊತೆ ಲಂಡನ್ನಿನ ಛತ್ರಗಳಲ್ಲಿ ಮಲಗಿದ. ಜೈಲು ಒಳಗಿನಿಂದ ಹೇಗಿರುತ್ತದೆಂದು ತಿಳಿಯಲು 1931ರ ಡಿಸೆಂಬರಿನಲ್ಲಿ ಬೇಕೆಂದೇ ಕುಡಿದು ಬೀದಿಯಲ್ಲಿ ಬಿದ್ದು, ಸುಳ್ಳು ಹೆಸರು ಹೇಳಿ ಲಾಕಪ್ಪಿಗೆ ಹೋದ. 1936ರಲ್ಲಿ ಕಲ್ಲಿದ್ದಲ ಗಣಿ ಕಾರ್ಮಿಕರ ಬದುಕನ್ನು ನೋಡಲು ವಿಗನ್ ಊರಿಗೆ ಹೋದಾಗ ಅಲ್ಲಿನ ಪೊಲೀಸರು ಸ್ಕಾಟ್ಲೆಂಡ್ ಯಾರ್ಡಿಗೆ ಬರೆದರು: ಈತ ಹೆಚ್ಚು ಹೊತ್ತು ಬರೆಯುತ್ತಾ ಕೂರುತ್ತಾನೆ, ಊರಿನಲ್ಲಿ ಎಷ್ಟು ಚರ್ಚು, ಎಷ್ಟು ಹೆಂಡದಂಗಡಿ, ಎಷ್ಟು ಜನಸಂಖ್ಯೆ ಎಂದು ಲೆಕ್ಕ ಹಾಕುತ್ತಾನೆ, ಈತನಿಗೆ ಅಸಾಮಾನ್ಯ ಸಂಖ್ಯೆಯಲ್ಲಿ ಪತ್ರಗಳು ಬರುತ್ತವೆ. ಬರಹಗಾರ ಬರೆಯುತ್ತಿದ್ದಾನೆ ಎಂಬುದೇ ಅನುಮಾನದ ಕಾರಣ. 1939ರ ಆಗಸ್ಟಿನಲ್ಲಿ ಇಬ್ಬರು ಪತ್ತೇದಾರರು ವಾಲಿಂಗ್ಟನ್ ಹಳ್ಳಿಯ ಅವನ ಮನೆಗೇ ಬಂದರು. ಪ್ಯಾರಿಸ್ಸಿನ ಒಂದು ಪ್ರಕಾಶನಕ್ಕೆ ಅವನು ಬರೆದ ಪತ್ರವನ್ನು ಅಂಚೆಯಲ್ಲೇ ಒಡೆದು ಓದಿದ್ದರು. ಅಶ್ಲೀಲವೆಂದು ಇಂಗ್ಲೆಂಡಿನಲ್ಲಿ ನಿಷೇಧವಿದ್ದ ಪುಸ್ತಕಗಳನ್ನು ಹೊತ್ತುಕೊಂಡು ಹೋದರು.

ಇವೆಲ್ಲ ಕಿರಿಕಿರಿ. ಪ್ರಾಣಕ್ಕೇ ಬಂದದ್ದು ಸ್ಪೇನಿನಲ್ಲಿ. 1936ರ ಕೊನೆಗೆ ಫ್ರಾಂಕೋನ ಫ್ಯಾಸಿಸ್ಟರ ವಿರುದ್ಧ ಹೋರಾಡಲು ಬಾರ್ಸಿಲೋನಾಕ್ಕೆ ಹೋಗಿ, ಪೌಮ್ ಎಂಬ ಸಣ್ಣ ಎಡಪಕ್ಷದ ಸೇನಾಪಡೆ ಸೇರಿದ. ಅರಗಾನ್ ರಣರಂಗದಲ್ಲಿ ಚಳಿ, ಹೇನು, ತುಕ್ಕು ಹಿಡಿದ ಕೋವಿ. 1937ರ ಮೇ 20ರ ಬೆಳಿಗ್ಗೆ ಗುಂಡು ಗಂಟಲನ್ನು ತೂರಿಕೊಂಡು ಹೋಯಿತು. ಧ್ವನಿ ಸರಿಯಾಗಿ ಮರಳುವ ಮೊದಲೇ, ಜೂನ್ 16ರಂದು, ಪೌಮ್ ಪಕ್ಷವನ್ನು ನಿಷೇಧಿಸಿದರು. ನಿಷೇಧಿಸಿದ್ದು ಎದುರಾಳಿ ಫ್ರಾಂಕೋ ಅಲ್ಲ. ಯಾವ ಸರ್ಕಾರಕ್ಕಾಗಿ ಇವರು ಗುಂಡು ತಿನ್ನುತ್ತಿದ್ದರೋ ಅದೇ ಸರ್ಕಾರ, ಸೋವಿಯತ್ ರಷ್ಯದ ಒತ್ತಡದಲ್ಲಿ. ಪಕ್ಷದ ನಾಯಕ ಆಂಡ್ರೆ ನಿನ್‌ನನ್ನು ಹಿಡಿದೊಯ್ದು ಚಿತ್ರಹಿಂಸೆ ಕೊಟ್ಟು ಕೊಂದರು. ಹೋಟೆಲಿನಲ್ಲಿದ್ದ ಆರ್ವೆಲ್ಲನ ಹೆಂಡತಿ ಐಲೀನಳ ಕೋಣೆಗೆ ರಾತ್ರಿ ಪೊಲೀಸರು ನುಗ್ಗಿದರು. ಹೆಚ್ಚುಕಡಿಮೆ ಎರಡು ಗಂಟೆ ಗೋಡೆ ತಟ್ಟಿದರು, ಸಿಗರೇಟು ಸುತ್ತುವ ಕಾಗದವನ್ನೂ ಬಿಡದೆ ನೋಡಿದರು, ಡೈರಿ, ಪತ್ರ, ಪತ್ರಿಕೆಯ ತುಣುಕುಗಳನ್ನು ಒಯ್ದರು. ಅವಳು ಮಲಗಿದ್ದ ಹಾಸಿಗೆಯನ್ನು ಮಾತ್ರ ಮರ್ಯಾದೆಗೆ ಮುಟ್ಟಲಿಲ್ಲ. ಗಂಡ ಹೆಂಡತಿ ಜೂನ್ 23ರಂದು ರೈಲು ಹತ್ತಿ ಫ್ರಾನ್ಸಿಗೆ ಪಾರಾದರು. ಮುಂದಿನ ತಿಂಗಳು ವೆಲೆನ್ಸಿಯಾದ ಬೇಹುಗಾರಿಕೆ ಮತ್ತು ದೇಶದ್ರೋಹದ ನ್ಯಾಯಮಂಡಳಿಗೆ ಸಲ್ಲಿಸಿದ ವರದಿಯಲ್ಲಿ ಇಬ್ಬರೂ ಕಟ್ಟಾ ಟ್ರಾಟ್ಸ್ಕಿವಾದಿಗಳೆಂದು, ಅಂದರೆ ಸ್ಟಾಲಿನ್ ವಿರೋಧಿಗಳೆಂದು, ದಾಖಲಾಯಿತು. ಆ ದಿನಗಳಲ್ಲಿ ಅದಕ್ಕೆ ಸಾವು ಎಂದೇ ಅರ್ಥ. ಹೀಗೊಂದು ಕಾಗದವಿದೆ ಎಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವರ ಮೇಲೆ ಗೂಢಚರ್ಯೆ ಮಾಡಿದವರಲ್ಲಿ ಒಬ್ಬ ಅವರ ಜೊತೆಗೇ ಓಡಾಡಿಕೊಂಡಿದ್ದ ಇಂಗ್ಲಿಷ್ ಯುವಕ.

ಲಂಡನ್ನಿಗೆ ಬಂದು ಪತ್ರಿಕೆ ಬಿಡಿಸಿ ನೋಡಿದರೆ, ತಾನು ಕಣ್ಣಾರೆ ಕಂಡ ಯುದ್ಧವೇ ಅದರಲ್ಲಿ ಇಲ್ಲ. ನಡೆಯದ ಕಾಳಗದ ವರ್ಣನೆ ಇದೆ, ನೂರಾರು ಜನ ಸತ್ತ ಜಾಗದ ಬಗ್ಗೆ ಒಂದಕ್ಷರ ಇಲ್ಲ. ಜೊತೆಗೆ ಹೋರಾಡಿದವರು ಫ್ಯಾಸಿಸ್ಟರ ಏಜೆಂಟರೆಂದು ಅಚ್ಚಾಗಿದೆ. 1938ರಲ್ಲಿ ತಾನು ಕಂಡದ್ದನ್ನು ಪುಸ್ತಕವಾಗಿ ಬರೆದ. ಅವನ ಹಳೆಯ ಪ್ರಕಾಶಕರು ಮುಟ್ಟಲಿಲ್ಲ. ಬೇರೆಯವರು 1500 ಪ್ರತಿ ಅಚ್ಚು ಹಾಕಿದರು, ಅವನು ಸಾಯುವವರೆಗೂ ಅಷ್ಟು ಪ್ರತಿ ಖರ್ಚಾಗಲಿಲ್ಲ. ‘1984’ ಕಾದಂಬರಿಯ ವಿನ್‌ಸ್ಟನ್ ಸ್ಮಿತ್ ಹುಟ್ಟಿದ್ದು ಇಲ್ಲಿ ಎಂದು ನನ್ನ ನಂಬಿಕೆ. ಅವನ ಕೆಲಸ ನೆನಪಿದೆಯಲ್ಲ? ಹಳೆಯ ಪತ್ರಿಕೆಗಳಲ್ಲಿ ಪಕ್ಷ ಹೇಳಿದಂತೆ ಅಂಕಿಯನ್ನೂ ಹೆಸರನ್ನೂ ತಿದ್ದುವುದು, ಮೂಲವನ್ನು ಗೋಡೆಯ ತೂತಿನಲ್ಲಿ ಹಾಕಿ ಸುಡಲು ಕಳಿಸುವುದು. ಓದುಗರು ಆ ಕಾದಂಬರಿಯಲ್ಲಿ ಮನೆಯೊಳಗಿನಿಂದಲೇ ಜನರನ್ನು ನೋಡುವ ಟೆಲಿಸ್ಕ್ರೀನನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮರೆಯಲಾಗದ್ದು ಆ ತೂತು. ನೋಡುವವನು ಒಬ್ಬ, ದಾಖಲೆ ಬರೆಯುವವನು ಅವನೇ, ತಿದ್ದುವವನೂ ಅವನೇ ಆದಾಗ, ಸಾಕ್ಷಿಯಾಗಿ ಉಳಿಯುವುದು ಒಬ್ಬನ ಒಂಟಿ ನೆನಪು. ಆ ನೆನಪನ್ನು ಕಾದಂಬರಿಯ ಚಿತ್ರಹಿಂಸೆಯ ಕೋಣೆಯಾದ ಕೊಠಡಿ 101ರಲ್ಲಿ ಮುರಿಯಬಹುದು.

1941ರಿಂದ 43ರವರೆಗೆ ಅವನು ಬಿಬಿಸಿಯ ಭಾರತೀಯ ವಿಭಾಗದಲ್ಲಿ ಭಾಷಣ ಕಾರ್ಯಕ್ರಮಗಳನ್ನು ಮಾಡಿಸುತ್ತಿದ್ದ. ಮುಲ್ಕ್ ರಾಜ್ ಆನಂದ್, ವೇಣು ಚಿತಳೆ, ನಾರಾಯಣ ಮೆನನ್ ಅವನ ಜೊತೆ ಕೆಲಸ ಮಾಡಿದ ಭಾರತೀಯರು. ಬಾನುಲಿಯಲ್ಲಿ ಓದುವ ಪ್ರತಿ ಹಾಳೆಗೂ ಸೆನ್ಸಾರಿನ ಮುದ್ರೆ ಬೇಕಿತ್ತು. ಈ ಲೇಖನದ ಆರಂಭದ ವರದಿಯನ್ನು ಸಾರ್ಜೆಂಟ್ ಬರೆದದ್ದು ಇದೇ ಅವಧಿಯಲ್ಲಿ: ಸರ್ಕಾರದ ಯುದ್ಧಕ್ಕಾಗಿ ದುಡಿಯುತ್ತಿದ್ದವನ ಮೇಲೆ ಸರ್ಕಾರವೇ.

ಸ್ಟಾಲಿನ್ ಆಳ್ವಿಕೆಯನ್ನು ಅಣಕಿಸುವ ‘ಅನಿಮಲ್ ಫಾರ್ಮ್’ 1944ರ ಮೊದಲ ತಿಂಗಳುಗಳಲ್ಲಿ ಬರೆದು ಮುಗಿಯಿತು. ಸ್ಟಾಲಿನ್ ಆಗ ಬ್ರಿಟನ್ನಿನ ಮಿತ್ರ. ಹಳೆಯ ಪ್ರಕಾಶಕ ಗೊಲಾಂಜ್ ಬೇಡವೆಂದರು, ಫೇಬರ್ ಸಂಸ್ಥೆಯ ಪರವಾಗಿ ಕವಿ ಟಿ.ಎಸ್. ಎಲಿಯಟ್ ಬೇಡವೆಂದರು. ಇನ್ನೊಬ್ಬ ಪ್ರಕಾಶಕ ಜೊನಾಥನ್ ಕೇಪ್ ಮೊದಲು ಒಪ್ಪಿ, ಮಾಹಿತಿ ಮಂತ್ರಾಲಯದ ಒಬ್ಬ ಹಿರಿಯ ಅಧಿಕಾರಿಯ ಕಿವಿಮಾತಿಗೆ ಹಿಂಜರಿದರು. ಆ ಅಧಿಕಾರಿ ಪೀಟರ್ ಸ್ಮೋಲೆಟ್ ಎಂದು, ಅವನು ಸೋವಿಯತ್ ಗೂಢಚಾರನಾಗಿದ್ದ ಎಂದು ಆಮೇಲೆ ಗೊತ್ತಾಯಿತು. ಪುಸ್ತಕ ಹೊರಬಂದದ್ದು 1945ರ ಆಗಸ್ಟ್ 17ರಂದು. ಅದಕ್ಕೆಂದು ಅವನು ಬರೆದ ಮುನ್ನುಡಿ ಅಚ್ಚಾಗಲಿಲ್ಲ, 1972ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ಅವನು ದೂರುವುದು ಸರ್ಕಾರದ ಸೆನ್ಸಾರನ್ನಲ್ಲ. ಯಾರೂ ನಿಷೇಧಿಸದೆ ಇದ್ದರೂ ತಾವಾಗಿಯೇ ಬಾಯಿ ಮುಚ್ಚಿಕೊಳ್ಳುವ ಸಂಪಾದಕರನ್ನು, ಬುದ್ಧಿಜೀವಿಗಳನ್ನು. ಇಂದು ನಮ್ಮ ಎಷ್ಟೋ ಸುದ್ದಿಮನೆಗಳಿಗೆ ಆ ಮುನ್ನುಡಿ ನೇರವಾಗಿ ತಾಗುತ್ತದೆ.

ಕೊನೆಯ ಕಾದಂಬರಿಯಾದ ‘1984’ನ್ನು ಬರೆದದ್ದು ಸ್ಕಾಟ್ಲೆಂಡಿನ ಜುರಾ ದ್ವೀಪದ ಬಾರ್ನ್‌ಹಿಲ್ ಎಂಬ ಒಂಟಿ ಮನೆಯಲ್ಲಿ. ಐಲೀನ್ 1945ರಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ತೀರಿಕೊಂಡಿದ್ದಳು. ದತ್ತು ತೆಗೆದುಕೊಂಡ ಮಗ ಇನ್ನೂ ಎಳೆಯ. ಇವನ ಶ್ವಾಸಕೋಶದಲ್ಲಿ ಕ್ಷಯ. ಅಮೆರಿಕದಿಂದ ತರಿಸಿದ ಸ್ಟ್ರೆಪ್ಟೊಮೈಸಿನ್ ಮೈಗೆ ಒಗ್ಗಲಿಲ್ಲ. 1948ರ ಕೊನೆಗೆ ಜ್ವರದಲ್ಲೇ ಇಡೀ ಹಸ್ತಪ್ರತಿಯನ್ನು ತಾನೇ ಟೈಪ್ ಮಾಡಿದ. ಪುಸ್ತಕ 1949ರ ಜೂನ್ 8ರಂದು ಬಂತು, 1950ರ ಜನವರಿ 21ರಂದು ಅವನು ಸತ್ತ, 46ನೇ ವಯಸ್ಸಿನಲ್ಲಿ.

ಇಷ್ಟಕ್ಕೇ ನಿಲ್ಲಿಸಿದರೆ ಆರ್ವೆಲ್ ಒಂದು ಪೂಜೆಯ ಪಟವಾಗುತ್ತಾನೆ. 1949ರ ಮೇ ತಿಂಗಳಲ್ಲಿ, ಕ್ಷಯದ ಆಸ್ಪತ್ರೆಯ ಹಾಸಿಗೆಯಿಂದ, ಅವನು ಬ್ರಿಟಿಷ್ ವಿದೇಶಾಂಗ ಇಲಾಖೆಯ ಒಂದು ಗುಪ್ತ ಪ್ರಚಾರ ವಿಭಾಗದಲ್ಲಿದ್ದ ತನ್ನ ಗೆಳತಿ ಸೀಲಿಯಾ ಕರ್ವನ್‌ಳಿಗೆ 38 ಹೆಸರುಗಳ ಪಟ್ಟಿ ಕಳಿಸಿದ. ಕಮ್ಯುನಿಸ್ಟರತ್ತ ಒಲವಿರುವವರು, ಸೋವಿಯತ್ ವಿರೋಧಿ ಬರಹದ ಕೆಲಸಕ್ಕೆ ಇವರನ್ನು ನಂಬಬೇಡಿ ಎಂಬುದು ಅದರ ಉದ್ದೇಶ. ಪಟ್ಟಿ ಪೂರ್ತಿಯಾಗಿ ಹೊರಬಂದದ್ದು 2003ರಲ್ಲಿ. ಅಭಿಮಾನಿಗಳು ಹೇಳುತ್ತಾರೆ: ಯಾರನ್ನೂ ಬಂಧಿಸಿ ಎಂದು ಅವನು ಹೇಳಲಿಲ್ಲ, ಸ್ಮೋಲೆಟ್‌ನ ಹೆಸರೂ ಅದರಲ್ಲಿತ್ತು, ಅವನು ನಿಜವಾಗಿಯೂ ಗೂಢಚಾರ. ಎರಡೂ ನಿಜ. ಆದರೂ ಒಬ್ಬ ರೈಟರನ ಕಣ್ಣಿಗೆ ಪಟ್ಟಿ ಪಟ್ಟಿಯೇ. 38 ಜನರಲ್ಲಿ ಯಾರಿಗೂ ತಮ್ಮ ಹೆಸರು ಅಲ್ಲಿದೆ ಎಂದು ಗೊತ್ತಿರಲಿಲ್ಲ. ಅನುಮಾನ ಸರಿಯಿದ್ದವನೂ ತಪ್ಪಾಗಿದ್ದವನೂ ಒಂದೇ ಹಾಳೆಯಲ್ಲಿದ್ದರು, ಬೇರೆ ಮಾಡಿ ತೋರಿಸುವ ದಾರಿ ಇರಲಿಲ್ಲ. ಗುಪ್ತ ಕಡತದ ವಿಷವನ್ನು ಆರ್ವೆಲ್‌ಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ. ಅಂಥವನ ಕೈಗೂ ಒಂದು ಗುಟ್ಟಿನ ಕಚೇರಿ ಸಿಕ್ಕಾಗ, ಸದುದ್ದೇಶದಿಂದಲೇ, ಅವನೂ ಹೆಸರು ಬರೆದ. ಇದನ್ನು ಮುಚ್ಚಿಡುವುದಕ್ಕಿಂತ ಅವನ ಎಚ್ಚರಿಕೆಯ ಜೊತೆಗಿಟ್ಟು ಓದುವುದು ನ್ಯಾಯ. ನೋಡುವ ಅಧಿಕಾರ ಒಳ್ಳೆಯವರ ಕೈಯಲ್ಲಿದೆ ಎಂಬ ಭರವಸೆ ಯಾವ ಕಾಲಕ್ಕೂ ಸಾಲದು.

ನಮ್ಮಲ್ಲಿ ಈ ಮಾತಿಗೆ ಬೆಲೆ ತಂದುಕೊಟ್ಟವನು ಉತ್ತರ ಪ್ರದೇಶದ ಖರಕ್ ಸಿಂಗ್. 1941ರಲ್ಲಿ ದರೋಡೆ ಪ್ರಕರಣದಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟ ಮನುಷ್ಯ. ಬಿಟ್ಟ ಮೇಲೂ ಅವನ ಮೇಲೆ ಹಿಸ್ಟರಿ ಶೀಟು ತೆರೆದರು. ಚೌಕಿದಾರರು, ಕಾನ್‌ಸ್ಟೇಬಲ್‌ಗಳು ರಾತ್ರಿ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರ ತೀರ್ಪಿನಲ್ಲಿ ರಾತ್ರಿಯ ಭೇಟಿ ತಪ್ಪು ಎಂದರು, ಆದರೆ ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದರು. ಆ ಮಾತನ್ನು ಅಳಿಸಲು 55 ವರ್ಷ ಬೇಕಾಯಿತು. ಅಳಿಸಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಹಾಕಿದ ಅರ್ಜಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಬೆಂಗಳೂರಿನ ಒಬ್ಬ ಹಿರಿಯರು ಇಡೀ ದೇಶಕ್ಕೆ ತಂದುಕೊಟ್ಟದ್ದು ಇದು. ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು.

ಹಕ್ಕು ಬಂತು, ಬೀರು ತೆರೆದುಕೊಂಡಿಲ್ಲ. ಫೋನ್ ಕದ್ದಾಲಿಕೆಯ ವಿಷಯ ಕರ್ನಾಟಕಕ್ಕೆ ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಅದೇ ಆರೋಪದಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 2019ರಲ್ಲಿ ಮತ್ತೆ ಅಂಥದೇ ಆರೋಪ ಎದ್ದು ತನಿಖೆ ಸಿಬಿಐಗೆ ಹೋಯಿತು. ಒಂದು ಪಕ್ಷದ್ದಲ್ಲ ಈ ರೋಗ. ಕದ್ದಾಲಿಸಲು ಆಧಾರವಾಗಿದ್ದ ಕಾನೂನು 1885ರ ಟೆಲಿಗ್ರಾಫ್ ಕಾಯ್ದೆ. ಆರ್ವೆಲ್ ಯಾವ ಸಾಮ್ರಾಜ್ಯಕ್ಕೆ ರಾಜೀನಾಮೆ ಕೊಟ್ಟನೋ ಅದರದ್ದೇ ಕೂಸು. 1996ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕೆಲವು ಕಟ್ಟುಪಾಡು ಹಾಕಿತು, ಆದರೆ ಮೊದಲೇ ನ್ಯಾಯಾಧೀಶರ ಅನುಮತಿ ಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ. 2023ರಲ್ಲಿ ಹೊಸ ಕಾನೂನು ಬಂದರೂ ಚೌಕಟ್ಟು ಹಳೆಯದೇ: ಆದೇಶ ಕೊಡುವವರು ಗೃಹ ಕಾರ್ಯದರ್ಶಿ, ಅದು ಸರಿಯೇ ಎಂದು ನೋಡುವ ಸಮಿತಿಯಲ್ಲಿ ಇರುವವರೂ ಸರ್ಕಾರದ ಕಾರ್ಯದರ್ಶಿಗಳೇ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದೆ. ಎರಡು ತಿಂಗಳಿಗೊಮ್ಮೆ ಸೇರುವ ಕೇಂದ್ರದ ಈ ಪರಿಶೀಲನಾ ಸಮಿತಿ ಪ್ರತಿ ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ಪರಿಶೀಲಿಸಬೇಕು. ದಿನಕ್ಕೆ ಹತ್ತು ಅರ್ಜಿಯನ್ನು ಮನಸ್ಸಿಟ್ಟು ಓದುವ ಕಷ್ಟ ಏನೆಂದು ಠಾಣೆಯ ಮೇಜಿನ ಹಿಂದೆ ಕುಳಿತವರಿಗೆ ಗೊತ್ತು. ಹದಿನೈದು ಸಾವಿರಕ್ಕೆ ಮುದ್ರೆ ಒತ್ತಬಹುದು, ಅಷ್ಟೆ. ಕದ್ದಾಲಿಕೆ ನಿಂತ ಮೇಲೂ ಆ ವ್ಯಕ್ತಿಗೆ ತಿಳಿಸುವ ನಿಯಮವಿಲ್ಲ. ಆದೇಶದ ದಾಖಲೆಗಳನ್ನು ಅಗತ್ಯವಿಲ್ಲದಿದ್ದರೆ ಆರು ತಿಂಗಳಿಗೆ ನಾಶಪಡಿಸುವ ನಿಯಮವನ್ನು ಹಿಂದಿನಿಂದಲೂ ಇಟ್ಟುಕೊಂಡು ಬಂದಿದ್ದಾರೆ. ಸಿಕ್ಕ ಮಾತುಗಳು ಸೋರದಿರಲಿ ಎಂಬ ಕಾರಣ ಸರಿಯಾದದ್ದೇ. ಆದರೆ ಯಾರ ಆದೇಶ, ಯಾವ ಕಾರಣ ಎಂಬುದೂ ಅದೇ ಬೆಂಕಿಗೆ ಹೋದರೆ, ತನ್ನ ಮೇಲೆ ಅನ್ಯಾಯವಾಯಿತೆಂದು ಒಬ್ಬ ಯಾವ ಕೋರ್ಟಿನ ಮುಂದೆ ಏನನ್ನು ತೋರಿಸಬೇಕು?

ನನ್ನ ಬೇಡಿಕೆ ದೊಡ್ಡದಲ್ಲ. ಕದ್ದಾಲಿಕೆಯ ಆದೇಶಕ್ಕೆ ಒಬ್ಬ ನ್ಯಾಯಾಧೀಶರ ಸಹಿ ಬೇಕು. ತನಿಖೆ ಮುಗಿದು ಏನೂ ಸಿಗದಿದ್ದರೆ ಆ ವ್ಯಕ್ತಿಗೆ ಒಂದು ಪತ್ರ ಹೋಗಬೇಕು. ರೌಡಿ ಶೀಟಿನಲ್ಲಿರುವವನಿಗೆ ತನ್ನ ಹಾಳೆಯನ್ನು ವರ್ಷಕ್ಕೊಮ್ಮೆ ಓದಿ ಉತ್ತರ ಬರೆಯಲು ಒಂದು ಕಾಲಮ್ಮು ಇರಬೇಕು. ಮೊದಲೆರಡಕ್ಕೆ ದಿಲ್ಲಿಯಲ್ಲಿ ಕಾನೂನು ಬದಲಾಗಬೇಕು. ಮೂರನೆಯದು ಬೆಂಗಳೂರಿನಲ್ಲೇ ಆಗುವ ಕೆಲಸ. ಜೊತೆಗೆ ಇನ್ನೊಂದು: ನಮ್ಮ ರಾಜ್ಯದ ಗೃಹ ಇಲಾಖೆ ವರ್ಷದಲ್ಲಿ ಎಷ್ಟು ಕದ್ದಾಲಿಕೆ ಆದೇಶ ಹೊರಡಿಸಿತು, ಅದರಲ್ಲಿ ಎಷ್ಟು ಪ್ರಕರಣಗಳು ಕೋರ್ಟಿಗೆ ಹೋದವು ಎಂಬ ಎರಡು ಅಂಕಿಗಳನ್ನು ಸದನದ ಮುಂದಿಡುವುದು. ಅದರಿಂದ ಒಬ್ಬರ ಹೆಸರೂ ಹೊರಬೀಳುವುದಿಲ್ಲ, ಯಾವ ತನಿಖೆಯೂ ಕೆಡುವುದಿಲ್ಲ. ಮುಂದಿನ ಬೆಳಗಾವಿ ಅಧಿವೇಶನದಲ್ಲಿ ಯಾವ ಪಕ್ಷದ ಶಾಸಕರಾದರೂ ಸರಿ, ಈ ಪ್ರಶ್ನೆಯನ್ನು ಕೇಳಲಿ.